ನಿಖರತೆ ಸರಿ, ಯಾವ ಪ್ಲೇಟಿನ ಮೇಲೆ?

ಮಾನ್ಯರೇ,

ಬಣ್ಣ ಹಾಕದೆ, ಕೊಲ್ಲದೆ, ವಿದ್ಯುತ್ ಸಂಕೇತದಿಂದಲೇ ಜೀವಕೋಶಗಳ ಸ್ಥಿತಿ ಹೇಳುವ ಎಐ ಕುರಿತ ಸುದ್ದಿಗಳು ಸಾಮಾನ್ಯವಾಗಿ ‘ಶೇ ಇಷ್ಟು ನಿಖರ’ ಎಂಬಲ್ಲಿಗೆ ಮುಗಿಯುತ್ತವೆ. ಆ ಅಂಕಿ ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ.

ವಿಧಾನ ಹಳೆಯದೇ. 1973ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಐವರ್ ಗಿಯೇವರ್ ಅವರು ಚಾರ್ಲ್ಸ್ ಕೀಸ್ ಜೊತೆ 1984ರಲ್ಲೇ ಇದನ್ನು ಪ್ರಕಟಿಸಿದ್ದರು. ಕೋಶ ಬೆಳೆಸುವ ಪ್ಲೇಟಿನಲ್ಲಿ ಸಾಲು ಸಾಲು ಪುಟ್ಟ ಗುಳಿಗಳು, ಅವುಗಳ ತಳದಲ್ಲಿ ಸುಮಾರು 250 ಮೈಕ್ರೋಮೀಟರ್ ಅಗಲದ ಚಿನ್ನದ ಎಲೆಕ್ಟ್ರೋಡ್; 1 ಮೆಗಾಓಮ್ ರೋಧಕದ ಮೂಲಕ 1 ವೋಲ್ಟ್ ಎಸಿ ಕೊಟ್ಟರೆ ಹರಿಯುವುದು ಸುಮಾರು 1 ಮೈಕ್ರೋಆಂಪ್. ಕೋಶಪೊರೆ ಅವಾಹಕವಾದ್ದರಿಂದ ಕೋಶಗಳು ಅಂಟಿ ಹರಡಿದಷ್ಟೂ ಇಂಪೀಡೆನ್ಸ್, ಅಂದರೆ ಎಸಿ ವಿದ್ಯುತ್ತಿಗೆ ಒದಗುವ ತಡೆ, ಏರುತ್ತದೆ. ಕೆಲವು ಸಾವಿರ ಹರ್ಟ್ಸ್‌ವರೆಗೆ ವಿದ್ಯುತ್ತು ಕೋಶಗಳ ನಡುವಿನ ಸಂದಿಯಲ್ಲಿ ನುಸುಳುತ್ತದೆ, ಹಾಗಾಗಿ ಸಂದಿ ಎಷ್ಟು ಬಿಗಿ ಎಂದು ತಿಳಿಯುತ್ತದೆ. ಹತ್ತಾರು ಸಾವಿರ ಹರ್ಟ್ಸ್‌ನಲ್ಲಿ ಅದು ಪೊರೆಯನ್ನೇ ದಾಟುತ್ತದೆ. ಆಗ ತಿಳಿಯುವುದು ಎಲೆಕ್ಟ್ರೋಡ್ ಎಷ್ಟು ಮುಚ್ಚಿದೆ ಎಂಬುದು.

ಅಂದರೆ ಅಳೆಯುತ್ತಿರುವುದು ಅಂಟಿಕೊಂಡಿರುವುದನ್ನು, ಬದುಕಿರುವುದನ್ನಲ್ಲ. ಅಂಟು ಬಿಡಿಸುವ ಕಿಣ್ವ ಟ್ರಿಪ್ಸಿನ್ ಹಾಕಿದರೆ ಜೀವಂತ ಕೋಶಗಳೇ ತಳ ಬಿಟ್ಟೆದ್ದು ಇಂಪೀಡೆನ್ಸ್ ರೇಖೆ ಕುಸಿಯುತ್ತದೆ. ತೇಲುವ ರಕ್ತಕೋಶಗಳಂತೂ ಈ ಎಲೆಕ್ಟ್ರೋಡಿಗೆ ಇದ್ದೂ ಇಲ್ಲದಂತೆ. ಪ್ರಯೋಗದ ಕೊನೆಗೆ ಅದೇ ಪ್ಲೇಟಿನ ಕೆಲವು ಗುಳಿಗಳಿಗಾದರೂ ಬಣ್ಣ ಹಾಕಿ, ಕೋಶ ಬದುಕಿದೆಯೇ ಸತ್ತಿದೆಯೇ ಎಂದು ತಾಳೆ ನೋಡಲೇಬೇಕು.

ಇನ್ನು ಸಣ್ಣಪುಟ್ಟವು, ಕೆಲಸ ಕೆಡಿಸುವುದು ಇವೇ. ಪ್ಲೇಟನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಬಾಗಿಲು ತೆರೆದರೆ ದ್ರವ ತಣ್ಣಗಾಗಿ ವಾಹಕತೆ ಡಿಗ್ರಿಗೆ ಸುಮಾರು ಶೇ 2ರಷ್ಟು ಇಳಿಯುತ್ತದೆ, ರೇಖೆ ಮೇಲಕ್ಕೆ ಜಿಗಿಯುತ್ತದೆ. ಅಂಚಿನ ಗುಳಿಗಳಲ್ಲಿ ನೀರು ಆವಿಯಾಗಿ ಉಪ್ಪು ಗಟ್ಟಿಯಾದರೆ ಉಲ್ಟಾ. ಆದ್ದರಿಂದ ಅಂಚಿನ ಗುಳಿಗಳಿಗೆ ಕೋಶವಿಲ್ಲದೆ ಬರೀ ಬಫರ್ (ಲವಣ ದ್ರಾವಣ) ತುಂಬಿ ಬಿಡಿ, ಕೋಶಗಳ ಪೋಷಕ ದ್ರವವಾದ ಮೀಡಿಯಂ 37 ಡಿಗ್ರಿಗೆ ಕಾಯಿಸಿ ಹಾಕಿ. ಮೇಲ್ಮೈ ಸ್ಥಿರವಾಗಲೆಂದು ಚಿನ್ನದ ಎಲೆಕ್ಟ್ರೋಡನ್ನು ಸಿಸ್ಟೀನ್ ಎಂಬ ಅಮೈನೋ ಆಮ್ಲದ 10 ಮಿಲಿಮೋಲಾರ್ ದ್ರಾವಣದಲ್ಲಿ ಹತ್ತು-ಹದಿನೈದು ನಿಮಿಷ ಇಟ್ಟು, ತೊಳೆದು, ಕೋಶ ಹಾಕುವ ಮೊದಲೇ ಖಾಲಿ ಗುಳಿಯ ರೀಡಿಂಗ್ ಬರೆದಿಟ್ಟುಕೊಳ್ಳಿ. ಕೋಶ ಬಿತ್ತಿದ ಮೇಲೆ ಅರ್ಧ ಗಂಟೆ ಹೊರಗೇ ಅಲುಗಾಡಿಸದೆ ಇಡಿ. ತಕ್ಷಣ ಬಿಸಿಗೆ ಇಟ್ಟರೆ ಕೋಶಗಳೆಲ್ಲ ಗುಳಿಯ ಅಂಚಿಗೆ ಸರಿದು ಗುಂಪುಗೂಡುವುದುಂಟು.

ಈಗ ಯಂತ್ರ ಕಲಿಕೆ, ಅಂದರೆ ಈ ರೀಡಿಂಗ್‌ಗಳಿಂದ ಎಐ ಪಾಠ ಕಲಿಯುವ ಬಗೆ. ಒಂದೇ ಗುಳಿಯಿಂದ ಐದೈದು ನಿಮಿಷಕ್ಕೆ ಬರುವ ರೀಡಿಂಗ್‌ಗಳು ಅವಳಿ-ಜವಳಿಗಳು. ಅವನ್ನು ಕಲಸಿ ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಕೊಟ್ಟರೆ, ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನಿಗೆ ರ‍್ಯಾಂಕ್ ಬಂದ ಹಾಗಾಯಿತು. ಔಷಧ ಹಾಕಿದ್ದೆಲ್ಲ ಎಡ ಸಾಲಿನಲ್ಲಿ, ಹಾಕದ್ದೆಲ್ಲ ಬಲಕ್ಕಿದ್ದರೆ ಮಾಡೆಲ್ ಕಲಿಯುವುದು ಸಾಲನ್ನು, ಔಷಧವನ್ನಲ್ಲ. ಗುಳಿಗಳನ್ನು ಅಡ್ಡಾದಿಡ್ಡಿ ಹಂಚಬೇಕು. ಪರೀಕ್ಷೆಗೆ ಇಡೀ ಪ್ಲೇಟನ್ನೇ, ಸಾಧ್ಯವಾದರೆ ಬೇರೆ ದಿನದ ಪ್ಲೇಟನ್ನು, ಎತ್ತಿಡಬೇಕು. ಆಗ ನಿಖರತೆ ಸಾಮಾನ್ಯವಾಗಿ ಇಳಿಯುತ್ತದೆ. ಇಳಿದು ನಿಂತ ಆ ಅಂಕಿಯನ್ನೇ ಪತ್ರಿಕೆ ಅಚ್ಚು ಹಾಕಲಿ. ಪಕ್ಕದಲ್ಲಿ ಎಷ್ಟು ಪ್ಲೇಟು, ಎಷ್ಟು ದಿನ ಎಂಬುದೂ ಇರಲಿ.

– ಕೋಶ ಕೃಷಿ ಪ್ರಯೋಗಾಲಯದ ಓದುಗರು, ಬೆಂಗಳೂರು