‘ಇವತ್ತು ಏನು ಕೇಳಿದೆ?’

ಮಾನ್ಯರೇ,

ಮಕ್ಕಳು ಶಾಲೆಯಿಂದ ಬಂದ ಕೂಡಲೇ ‘ಇವತ್ತು ಏನು ಕಲಿತೆ?’ ಎಂದು ಕೇಳುತ್ತೇವೆ. ನ್ಯೂಯಾರ್ಕಿನ ಬಡ ಯಹೂದಿ ಮನೆಯಲ್ಲಿ ಬೆಳೆದ ಭೌತವಿಜ್ಞಾನಿ ಇಸಿಡಾರ್ ರಬಿ ಅವರ ತಾಯಿ ಕೇಳುತ್ತಿದ್ದುದೇ ಬೇರೆ: ‘ಇವತ್ತು ಒಳ್ಳೆಯ ಪ್ರಶ್ನೆ ಕೇಳಿದೆಯಾ?’ ತಾನು ವಿಜ್ಞಾನಿಯಾದದ್ದು ಇದರಿಂದಲೇ ಎಂದು ರಬಿ ಹೇಳಿಕೊಂಡಿದ್ದಾರೆ. 1944ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಎಂಆರ್‌ಐ ಸ್ಕ್ಯಾನ್‌ನ ಬೇರು ಅವರ ಕೆಲಸದಲ್ಲಿದೆ.

ಆ ತಾಯಿಯ ಮಾತು ಸುಮ್ನೆ ಬಂದದ್ದಲ್ಲ. ಯಹೂದಿಗಳ ಪಾಸೋವರ್ ಹಬ್ಬದ ರಾತ್ರಿ ಎಲ್ಲರೂ ಊಟಕ್ಕೆ ಸೇರಿದಾಗ ಮನೆಯ ಅತಿ ಚಿಕ್ಕ ಮಗು ‘ಈ ರಾತ್ರಿ ಯಾಕೆ ಬೇರೆ ರಾತ್ರಿಗಳಂತಿಲ್ಲ?’ ಎಂದು ಕೇಳುತ್ತದೆ. ಕಹಿ ಸೊಪ್ಪು ಯಾಕೆ ತಿನ್ನಬೇಕು ಎಂದೂ ಕೇಳುತ್ತದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕತೆಯನ್ನು ಹಿರಿಯರು ಶುರುಮಾಡುವುದು ಆಮೇಲೆ. ಮನೆಯಲ್ಲಿ ಒಬ್ಬನೇ ಇದ್ದರೆ ತನ್ನನ್ನೇ ಕೇಳಿಕೊಳ್ಳಬೇಕು ಎನ್ನುತ್ತದೆ ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುದ್. ಉತ್ತರ ಗೊತ್ತಿದ್ದವರೂ ಕೇಳಲೇಬೇಕು! ನನಗೆ ತುಂಬ ಹಿಡಿಸಿದ್ದು ಇದೇ.

ನಮ್ಮಲ್ಲಿ ಹಬ್ಬದ ಗಡಿಬಿಡಿಯಲ್ಲಿ ಮಕ್ಕಳು ‘ಯಾಕೆ?’ ಅಂದರೆ ‘ಸುಮ್ನಿರು’ ಅನ್ನುವುದೇ ಜಾಸ್ತಿ ಅಲ್ವಾ? ಈ ಸಲದ ಯುಗಾದಿಗೆ ಬೇವು-ಬೆಲ್ಲ ಯಾಕೆಂದು ಮಗಳು ಕೇಳಿದಾಗ ಒಲೆ ಆರಿಸಿ ಕೂತು ಹೇಳಿದೆ. ಅವಳ ಮುಂದಿನ ಪ್ರಶ್ನೆ: ‘ಅಮ್ಮಾ, ಬೇವು ಕಹಿ ಯಾಕೆ?’ ಈಗ ಇಬ್ಬರೂ ಕೂತು ಅದನ್ನೇ ಓದುತ್ತಿದ್ದೇವೆ.

– ಒಬ್ಬ ತಾಯಿ, ಶಿವಮೊಗ್ಗ