ಇನ್ನು ಮುಂದೆ ಆರು ದಿನಕ್ಕೊಂದು ಕಾರು: ಮುಂಗಡ ಕೊಟ್ಟು ಕಾಯುತ್ತಿರುವವರಿಗೆ, ಕಾರು ಒಯ್ದವರಿಗೂ ಒಂದು ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಈ ಸಲದ ಆಯುಧಪೂಜೆ ಮುಗಿದ ಮೊದಲ ಸೋಮವಾರದಿಂದ ರೇಸ್ ಟ್ರ್ಯಾಕಿನ ಕಾರು ಜೋಡಿಸುವ ನಮ್ಮ ಲೈನು ನಾಲ್ಕು ದಿನಕ್ಕೊಮ್ಮೆ ಸರಿಯುವ ಬದಲು ಆರು ದಿನಕ್ಕೊಮ್ಮೆ ಸರಿಯುತ್ತದೆ. ತಿಂಗಳಿಗೆ 24 ಕೆಲಸದ ದಿನ ಎಂದು ಹಿಡಿದರೆ, ಆರು ಕಾರು ಹೊರಬರುತ್ತಿದ್ದಲ್ಲಿ ನಾಲ್ಕು ಬರುತ್ತವೆ. ಪಟ್ಟಿಯಲ್ಲಿ ಈಗ 30 ಜನ ಇದ್ದೀರಿ. 12ನೇ ಹೆಸರಿನವರಿಗೆ ಎರಡು ತಿಂಗಳಲ್ಲಿ ಸಿಗಬೇಕಿದ್ದ ಕಾರು ಮೂರು ತಿಂಗಳಿಗೆ ಸಿಗುತ್ತದೆ; ಕೊನೆಯ ಹೆಸರಿನವರಿಗೆ ಐದು ತಿಂಗಳದ್ದು ಏಳೂವರೆ ತಿಂಗಳಾಗುತ್ತದೆ. ಒಪ್ಪಿದ ಬೆಲೆ ಹಾಗೇ ಇರುತ್ತದೆ. ಕಾಯಲಾಗದವರಿಗೆ ಮುಂಗಡ ಪೂರ್ತಿ ವಾಪಸು. ಅದರ ವಿವರ ಕೊನೆಯಲ್ಲಿದೆ.

ಸುದ್ದಿ ಇಷ್ಟೇ. ಯಾಕೆ ಹೀಗಾಯಿತು ಎಂದು ಕೇಳುವ ಹಕ್ಕು ದುಡ್ಡು ಕೊಟ್ಟ ನಿಮಗಿದೆ, ಅದಕ್ಕೇ ಪತ್ರ ಉದ್ದವಾಗಿದೆ.

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ನೋಡದವರು ‘ಲೈನ್’ ಎಂಬ ಮಾತು ಕೇಳಿ ಚಲಿಸುವ ಬೆಲ್ಟು, ರೋಬೋಟು ಎಂದೆಲ್ಲ ಊಹಿಸಿಕೊಳ್ಳಬೇಡಿ. ನಮ್ಮಲ್ಲಿರುವುದು ಚಕ್ರ ಹಚ್ಚಿದ ಆರು ಟ್ರಾಲಿಗಳು. ಮೊದಲನೆಯದರಲ್ಲಿ ಚಾಸಿ (ಕಾರಿನ ಚೌಕಟ್ಟು) ವೆಲ್ಡಿಂಗ್, ಎರಡನೆಯದರಲ್ಲಿ ಸಸ್ಪೆನ್ಷನ್ ಮತ್ತು ಸ್ಟೀರಿಂಗ್, ಮೂರರಲ್ಲಿ ಎಂಜಿನ್ ಗೇರ್‌ಬಾಕ್ಸ್, ನಾಲ್ಕರಲ್ಲಿ ಬ್ರೇಕ್ ಪೈಪು, ಇಂಧನದ ಪೈಪು, ವೈರಿಂಗು, ಐದರಲ್ಲಿ ಬಾಡಿ, ಆರರಲ್ಲಿ ಅಲೈನ್‌ಮೆಂಟು ಮತ್ತು ಪರೀಕ್ಷೆ. ನಾಲ್ಕನೆಯ ದಿನ ಸಂಜೆ ಗಂಟೆ ಬಾರಿಸಿದರೆ ಎಲ್ಲರೂ ಒಟ್ಟಿಗೆ ಟ್ರಾಲಿ ತಳ್ಳುತ್ತೇವೆ. ಒಂದು ಕಾರು ಆಚೆ ಹೋಗುತ್ತದೆ, ಒಂದು ಹೊಸ ಚಾಸಿ ಒಳಗೆ ಬರುತ್ತದೆ.

ಈ ಗಂಟೆಯಿಂದ ಗಂಟೆಗಿನ ಅವಧಿಗೆ ಕಾರ್ಖಾನೆ ಭಾಷೆಯಲ್ಲಿ ‘ಟ್ಯಾಕ್ಟ್’ ಎನ್ನುತ್ತಾರೆ. ಅದು ಜರ್ಮನ್ ಪದ. ಸಂಗೀತದ ತಾಳಕ್ಕೂ ಅವರು ಅದೇ ಪದ ಬಳಸುತ್ತಾರೆ. ಲೆಕ್ಕ ಸುಲಭ: ಕೈಯಲ್ಲಿರುವ ಸಮಯವನ್ನು ಬೇಕಾದ ಕಾರುಗಳ ಸಂಖ್ಯೆಯಿಂದ ಭಾಗಿಸಿ. 24 ದಿನ, ಆರು ಕಾರು, ನಾಲ್ಕು ದಿನ. ಹೋದ ವರ್ಷ ನಾನು ಮಾಡಿದ್ದು ಇಷ್ಟೇ ಲೆಕ್ಕ. ಅಲ್ಲಿಯವರೆಗೆ ಐದು ದಿನದ ತಾಳ ಇತ್ತು. ಹಬ್ಬಕ್ಕೆ ಮುಂಚೆ ಕಾರು ಕೊಡಿ, ಟ್ರ್ಯಾಕಿಗೆ ಒಯ್ಯುವ ಮೊದಲು ಮನೆ ಮುಂದೆ ಪೂಜೆ ಮಾಡಿಸಬೇಕು ಎಂದು ಏಳೆಂಟು ಜನ ಕೇಳಿದಿರಿ. ರಸ್ತೆಗೆ ಇಳಿಯದ ಕಾರಿಗೂ ಚಕ್ರದಡಿ ನಿಂಬೆಹಣ್ಣು ಇಡಲೇಬೇಕಲ್ಲ! ನನಗೂ ಆಸೆ. ತಾಳ ಒಂದು ದಿನ ಇಳಿಸಿದೆ. ಹಾಡುವವರಿಗೆ ಉಸಿರು ಸಾಲುತ್ತದೆಯೇ ಎಂದು ಕೇಳಲಿಲ್ಲ.

ಉಸಿರು ಮೊದಲು ಕಟ್ಟಿದ್ದು ನಾಲ್ಕನೇ ಟ್ರಾಲಿಯಲ್ಲಿ. ಉಳಿದ ಕಡೆ ಕೆಲಸ ಮೂರರಿಂದ ನಾಲ್ಕು ದಿನದ್ದು. ಅಲ್ಲಿ ಮಾತ್ರ ಗಡಿಯಾರ ಹಿಡಿದು ನೋಡಿದರೆ ಐದೂವರೆ ದಿನ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಯಿತು. ಇನ್ನೊಬ್ಬರನ್ನು ಹಾಕಿ ನೋಡಿದೆವು. ಕಾಕ್‌ಪಿಟ್ಟಿನೊಳಗೆ ಕಾಲು ಮಡಚಿ ಮಲಗಿ, ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ ಹಾರ್ನೆಸ್ (ವೈರುಗಳ ಕಟ್ಟು) ಕಟ್ಟಬೇಕು. ಅಲ್ಲಿ ಒಬ್ಬರಿಗೇ ಜಾಗ. ಎರಡನೆಯವರು ಹೊರಗೆ ನಿಂತು ಟಾರ್ಚ್ ಹಿಡಿದರು, ಅಷ್ಟೇ ಲಾಭ. ಆ ಕೆಲಸವನ್ನು ಎರಡು ಟ್ರಾಲಿಗೆ ಒಡೆಯೋಣವೆಂದರೆ ಶೆಡ್ಡಿನ ಉದ್ದಕ್ಕೆ ಏಳನೇ ಟ್ರಾಲಿ ಹಿಡಿಸುವುದಿಲ್ಲ.

ಗಂಟೆ ಹೊಡೆದಾಗ ಅರ್ಧ ಮುಗಿದ ಕಾರೂ ಮುಂದಕ್ಕೆ ಹೋಗಲೇಬೇಕು. ಹೋಗುವಾಗ ಸ್ಟೀರಿಂಗಿಗೆ ಒಂದು ಚೀಟಿ ಅಂಟಿಸಿ ಕಳಿಸುತ್ತಿದ್ದರು: ಎರಡು ಕ್ಲಿಪ್ ಬಾಕಿ, ಹಿಂದಿನ ಲೈಟಿನ ಅರ್ಥ್ ವೈರು ಬಾಕಿ, ಹೀಗೆ. ಮುಂದಿನವರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ಮುಂದಿನವರಿಗೆ ಅವರದೇ ಕೆಲಸ ರಾಶಿ ಬಿದ್ದಿರುತ್ತದೆ. ಕೊನೆಗೆ ಚೀಟಿಗಳ ಸಮೇತ ಕಾರುಗಳು ಶೆಡ್ಡಿನ ಹಿಂದಿನ ಮೂಲೆಯಲ್ಲಿ ಸಾಲಾಗಿ ನಿಂತವು. ಬೋರ್ಡಿನ ಮೇಲೆ ‘ಈ ತಿಂಗಳು 6’ ಎಂದು ಬರೆದೆವು. ಆ ಆರರಲ್ಲಿ ನಾಲ್ಕು ಕಾರು ಮತ್ತೊಂದು ವಾರ ಮೂಲೆಯಲ್ಲೇ ಕೊಳೆಯುತ್ತಿದ್ದವು. ಅಂದರೆ ಆರು ಎಂಬುದು ಬೋರ್ಡಿಗೆ ಮಾತ್ರ ನಿಜ.

ಅಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಮೂರು ತಿಂಗಳ ಹಿಂದೆ ನಿಮ್ಮಲ್ಲೊಬ್ಬರು ಟ್ರ್ಯಾಕಿನಿಂದಲೇ ಫೋನ್ ಮಾಡಿದರು. “ಸ್ವಾಮಿ, ಬ್ರೇಕ್ ಪೆಡಲ್ ಸರಿಯಾಗಿಯೇ ಇದೆ, ಆದರೆ ಮುಂದಿನ ಎಡಗಡೆ ಹೋಸ್ ನೋಡಿದರೆ ನಂಗೆ ಯಾಕೋ ಸಮಾಧಾನ ಇಲ್ಲ” ಅಂದರು. ಅವರು ಕಳಿಸಿದ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಹೋಸನ್ನು ಹಿಡಿದಿಡಬೇಕಿದ್ದ ಕ್ಲಿಪ್ಪೇ ಅಲ್ಲಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ರಿಮ್ಮು ಉಜ್ಜಿ, ಮೇಲಿನ ರಬ್ಬರು ಸವೆದು ಒಳಗಿನ ಹೆಣಿಗೆ ಇಣುಕುತ್ತಿತ್ತು. ಇನ್ನೊಂದು ಹತ್ತು ಸುತ್ತು ಓಡಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ಕೈ ಬರುವುದಿಲ್ಲ. ನಮ್ಮ ಪುಣ್ಯಕ್ಕೆ ಅವರು ಪ್ರತಿ ಸುತ್ತಿನ ಸರದಿಗೆ ಮುಂಚೆ ಬಗ್ಗಿ ನೋಡುವ ಜಾತಿಯವರು. ಆ ಕಾರಿನ ಚೀಟಿ ಹುಡುಕಿದೆವು. ‘ಮುಂ. ಎಡ ಕ್ಲಿಪ್ ಬಾಕಿ’ ಎಂದು ಬರೆದಿತ್ತು. ಯಾರೋ ಅದನ್ನು ಅಭ್ಯಾಸಬಲದಿಂದ ಕಿತ್ತು ಡಬ್ಬಿಗೆ ಹಾಕಿದ್ದರು. ತಪ್ಪು ಅವರದೆಂದು ನಾನು ಹೇಳಲಾರೆ. ನಾಲ್ಕು ದಿನ ಎಂದು ನಿಗದಿ ಮಾಡಿದವನು ನಾನು.

ಅದೇ ವಾರ, ನಾಲ್ಕು ದಿನದ ತಾಳದಲ್ಲಿ ಹೊರಟ ಅಷ್ಟೂ ಕಾರುಗಳನ್ನು ನಾವೇ ಹೋಗಿ ನೋಡಿ ಬಂದೆವು. ಇನ್ನೆರಡು ಕಾರಿನಲ್ಲಿ ಕ್ಲಿಪ್ ಸಡಿಲ ಇತ್ತು. ಸರಿ ಮಾಡಿದ್ದೇವೆ, ಆ ಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸಿದ್ದೇವೆ.

ಇನ್ನು ಬಾಡಿಯ ವಿಚಾರ. ಇಲ್ಲಿ ಅವಸರಕ್ಕೆ ಅಡ್ಡ ಬಂದಿದ್ದು ರೆಸಿನ್, ಅಂದರೆ ಗಟ್ಟಿಯಾಗುವ ಅಂಟುದ್ರವ. ನಮ್ಮ ಬಾಡಿ ಫೈಬರ್‌ಗ್ಲಾಸಿನದು. ಮೋಲ್ಡಿಗೆ ಮೇಣ ತಿಕ್ಕಿ, ಬಣ್ಣದ ಜೆಲ್ ಕೋಟ್ ಹೊಡೆದು, ಅದು ಬೆರಳಿಗೆ ಅಂಟಿಯೂ ಅಂಟದ ಹದಕ್ಕೆ ಬಂದಾಗ ಗ್ಲಾಸ್ ಮ್ಯಾಟನ್ನು ರೆಸಿನ್ನಿನಲ್ಲಿ ತೋಯಿಸಿ ಪದರ ಪದರವಾಗಿ ಕೂರಿಸಿ, ರೋಲರಿನಿಂದ ಗಾಳಿಗುಳ್ಳೆ ಹೊರಡಿಸುತ್ತಾರೆ. ರೆಸಿನ್ ಗಟ್ಟಿಯಾಗುವುದು ಹಾರ್ಡ್‌ನರ್‌ನಿಂದ; ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಸಾಕು. ಬೇಸಿಗೆಯಲ್ಲಿ ತೊಂದರೆ ಇಲ್ಲ. ಬೆಂಗಳೂರಿನ ಆಷಾಢದ ಮುಂಜಾನೆ, ಶೆಡ್ಡಿನ ತಗಡು ನೀರು ಜಿನುಗುವಾಗ, ಅದೇ ಅಳತೆಯ ಮಿಶ್ರಣ ಮಧ್ಯಾಹ್ನವಾದರೂ ಹಸಿ ಹಸಿ. ಆಗ ಕೈ ತಾನಾಗಿ ಹಾರ್ಡ್‌ನರ್ ಬಾಟಲಿಯ ಕಡೆ ಹೋಗುತ್ತದೆ, ಇನ್ನು ನಾಲ್ಕು ಹನಿ ಹಾಕೋಣ ಅಂತ. ಹಾಕಿದರೆ ಗಟ್ಟಿಯೇನೋ ಬೇಗ ಆಗುತ್ತದೆ. ಜೊತೆಗೆ ಒಳಗೆ ಬಿಸಿ ಏರಿ, ರೆಸಿನ್ ಸೆಳೆದುಕೊಂಡು, ಗ್ಲಾಸ್ ನಾರಿನ ಗುರುತನ್ನು ಮೇಲಿನ ಹೊಳಪಿಗೆ ಎತ್ತಿ ಕೊಡುತ್ತದೆ. ಪೂರ್ತಿ ಮಾಗುವ ಮೊದಲೇ ಮೋಲ್ಡಿನಿಂದ ಬಿಡಿಸಿದರೂ ಇದೇ ಗತಿ.

ಇದು ಶೆಡ್ಡಿನಲ್ಲಿ ಕಾಣುವುದಿಲ್ಲ. ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈ ರೇಸ್ ಟ್ರ್ಯಾಕಿನ ಬಿಸಿಲಲ್ಲಿ ಎರಡು ದಿನ ನಿಂತ ಮೇಲೆ ಕಾಣುತ್ತದೆ. ಅಲ್ಲಿಂದ ವಾಪಸು ಬಂದ ಕೆಂಪು ಬಾನೆಟ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿದೆವು. ಬೆಳಕಿನ ಗೆರೆ ನೇರವಾಗಿ ಹರಿಯಬೇಕಿದ್ದಲ್ಲಿ ಸಂಡಿಗೆ ಒಣಗಿಸಿದ ಚಾಪೆಯ ಅಚ್ಚಿನಂತೆ ನವಿರಾದ ಏರಿಳಿತ. ಓಡಿಸುವುದಕ್ಕೆ ಏನೂ ಬಾಧಕವಿಲ್ಲ. ಆದರೂ ನೀವು ದುಡ್ಡು ಕೊಟ್ಟದ್ದು ಆ ಬಾನೆಟ್ಟಿಗಲ್ಲ. ಅಂಥ ಬಾನೆಟ್ ಇರುವವರಿಗೆಲ್ಲ ಹೊಸದು ಮಾಡಿಕೊಡುತ್ತೇವೆ. ಇನ್ನು ಮೇಲೆ ಪ್ರತಿ ಪ್ಯಾನೆಲ್ ಮೋಲ್ಡಿನಲ್ಲೇ ಎರಡು ರಾತ್ರಿ ಇರುತ್ತದೆ. ಶೆಡ್ಡಿನ ಒಂದು ಭಾಗಕ್ಕೆ ಗೋಡೆ ಕಟ್ಟಿ, ಹೀಟರ್ ಮತ್ತು ತೇವ ಹೀರುವ ಯಂತ್ರ ಇಟ್ಟು, ಒಳಗೆ 25 ಡಿಗ್ರಿ ಕಾಯ್ದುಕೊಳ್ಳುವ ಏರ್ಪಾಡು ಮಾಡಿದ್ದೇವೆ. ಹಾರ್ಡ್‌ನರ್ ಬಾಟಲಿ ಈಗ ತಕ್ಕಡಿಯ ಪಕ್ಕದಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ನಗಬೇಡಿ.

ವೇಗದ ಕಾರು ಮಾಡುವವರು ಇಷ್ಟು ನಿಧಾನ ಎಂದು ನೀವು ಹಾಸ್ಯ ಮಾಡಬಹುದು. ಫೋರ್ಡ್ ಕಂಪನಿ 1913ರಲ್ಲಿ ಹೈಲ್ಯಾಂಡ್ ಪಾರ್ಕಿನಲ್ಲಿ ಚಲಿಸುವ ಲೈನ್ ಶುರು ಮಾಡಿ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆಯನ್ನು 93 ನಿಮಿಷಕ್ಕೆ ಇಳಿಸಿತು, ನಿಜ. ಅದು ಒಂದೇ ಥರದ ಲಕ್ಷಗಟ್ಟಲೆ ಕಾರಿನ ಕಥೆ. ನಮಗೆ ಹತ್ತಿರದ ಉದಾಹರಣೆ ಇಂಗ್ಲೆಂಡಿನ ಮಾಲ್ವರ್ನ್ ಊರಿನ ಮಾರ್ಗನ್. 1909ರಿಂದ ಇರುವ ಕಂಪನಿ. ಆ್ಯಶ್ ಮರದ ಚೌಕಟ್ಟಿನ ಮೇಲೆ ಕೈಯಿಂದ ತಗಡು ಕೂರಿಸಿ ಸ್ಪೋರ್ಟ್ಸ್ ಕಾರು ಮಾಡುತ್ತಾ ಬಂದವರು. ಅಲ್ಲಿಯೂ ಕಾರನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ತಳ್ಳಿಕೊಂಡೇ ಹೋಗುತ್ತಿದ್ದರು. 1990ರಲ್ಲಿ ಸರ್ ಜಾನ್ ಹಾರ್ವೆ-ಜೋನ್ಸ್ ಎಂಬ ಹೆಸರಾಂತ ಉದ್ಯಮಿ ಬಿಬಿಸಿ ಕ್ಯಾಮೆರಾ ಸಮೇತ ಹೋಗಿ, ಗ್ರಾಹಕರು ವರ್ಷಗಟ್ಟಲೆ ಕಾಯುತ್ತಿದ್ದಾರೆ, ಉತ್ಪಾದನೆ ಹೆಚ್ಚಿಸಿ ಎಂದು ಬುದ್ಧಿ ಹೇಳಿದರು. ಮಾಲೀಕರು ಒಪ್ಪಲಿಲ್ಲ. ನನ್ನನ್ನು ಕೇಳಿದರೆ ಇಬ್ಬರಲ್ಲೂ ಅರ್ಧರ್ಧ ಸರಿ. ಸುಮ್ಮನೆ ಕಾಯಿಸುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಮಾರ್ಗನ್‌ನವರೂ ಮುಂದೆ ಕೆಲಸದ ಕ್ರಮ ಬದಲಿಸಿ ಉತ್ಪಾದನೆ ಏರಿಸಿದರು. ನಾವೂ ಕಾಯುವ ಪಟ್ಟಿಯನ್ನು ತೋರಿಸಿ ಮೆರೆಯಲು ಹೊರಟಿಲ್ಲ. ಪಕ್ಕದಲ್ಲಿ ಶೆಡ್ಡು ಸಿಕ್ಕಿ ಏಳನೇ ಟ್ರಾಲಿ ಹಾಕಿದ ದಿನ ನಾಲ್ಕನೇ ಟ್ರಾಲಿಯ ಕೆಲಸ ಒಡೆದು ಐದು ದಿನಕ್ಕೆ ಇಳಿಸುತ್ತೇವೆ. ಅಲ್ಲಿಯವರೆಗೆ ಆರು.

ಇನ್ನೊಂದು ಬದಲಾವಣೆ. ಟೊಯೊಟಾ ಪದ್ಧತಿಯಲ್ಲಿ ತಪ್ಪು ಕಂಡವರು ಯಾರೇ ಆಗಲಿ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ನಾವೂ ಲೈನಿನ ಉದ್ದಕ್ಕೂ ತೆಂಗಿನ ನಾರಿನ ಹಗ್ಗ ಕಟ್ಟಿ, ತುದಿಗೆ ಶಾಲೆಯ ಗಂಟೆ ತೂಗಿಬಿಟ್ಟೆವು. ಮೊದಲ ಮೂರು ವಾರ ಒಬ್ಬರೂ ಎಳೆಯಲಿಲ್ಲ. ನಾನು ಬೀಗಿದೆ. ವೈರಿಂಗ್ ಮಾಡುವ ಹುಡುಗಿ ಒಂದು ದಿನ ಟೀ ಹೊತ್ತಿನಲ್ಲಿ ಮೆಲ್ಲಗೆ ಹೇಳಿದಳು: “ಸಾರ್, ಗಂಟೆ ಹೊಡೆದರೆ ನೀವೇ ಓಡಿ ಬಂದು ‘ಯಾಕ್ರೀ ನಿಲ್ಸಿದ್ರಿ’ ಅಂತೀರ ಅಂತ ಭಯ, ಅದಕ್ಕೇ ಯಾರೂ ಮುಟ್ಟಲ್ಲ.” ಈಗ ಗಂಟೆ ಹೊಡೆದರೆ ನಾನು ಹೋಗುವುದಿಲ್ಲ, ಫೋರ್‌ಮನ್ ಹೋಗುತ್ತಾರೆ. ಹೋದ ವಾರ ಐದು ಸಲ ಹೊಡೆಯಿತು. ಸ್ಟೀರಿಂಗಿಗೆ ಚೀಟಿ ಅಂಟಿಸುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಬಾಕಿ ಇದ್ದರೆ ಟ್ರಾಲಿ ಸರಿಯುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಹೊಸ ದಿನಾಂಕ ಹಾಕಿದ ಆರ್ಡರ್ ಪ್ರತಿ ಇದರ ಜೊತೆಗಿದೆ. ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳಿಸಿ, ಸರದಿ ಬದಲಾಗುವುದಿಲ್ಲ. ಮುಂಗಡ ವಾಪಸು ಬೇಕಿದ್ದರೆ ಒಂದು ಸಾಲು ಬರೆದರೆ ಸಾಕು, ಕಾರಣ ಕೇಳುವುದಿಲ್ಲ. 15 ದಿನದಲ್ಲಿ ನಿಮ್ಮ ಖಾತೆಗೆ ಬರುತ್ತದೆ. ಇನ್ನೂ ಕೆಲಸ ಶುರುವಾಗದ ಕಾರುಗಳ ಬಣ್ಣ, ಸೀಟಿನ ಅಳತೆ ಬದಲಿಸಬೇಕಿದ್ದವರು ಈಗಲೇ ಹೇಳಿ. ಐದನೇ ಟ್ರಾಲಿಗೆ ಬಂದ ಮೇಲೆ ಬಣ್ಣ ಬದಲಿಸಿ ಎಂದರೆ ಆಗದು, ಬಣ್ಣ ಇರುವುದು ಜೆಲ್ ಕೋಟಿನಲ್ಲೇ. ಹೋದ ಆಷಾಢದಿಂದ ಈಚೆಗೆ ಕಾರು ಒಯ್ದವರು ಬಾನೆಟ್ಟನ್ನು ಬೆಳಗಿನ ಓರೆ ಬಿಸಿಲಲ್ಲಿ ಒಮ್ಮೆ ನೋಡಿ, ಫೋಟೋ ಕಳಿಸಿ.

ಈ ಸಲ ಹಬ್ಬಕ್ಕೆ ಮುಂಚೆ ಮೂರೇ ಕಾರು ಹೊರಡುತ್ತವೆ. ಆ ಮೂವರಿಗೆ ಫೋನ್ ಮಾಡಿ ಹೇಳಿದ್ದೇವೆ. ಉಳಿದವರು ಪೂಜೆಯ ದಿನ ಶೆಡ್ಡಿಗೇ ಬನ್ನಿ. ನಿಮ್ಮ ಕಾರು ಯಾವ ಟ್ರಾಲಿಯಲ್ಲಿದೆಯೋ ಅಲ್ಲೇ ಕುಂಕುಮ ಹಚ್ಚೋಣ. ಬರೀ ಚಾಸಿ ಆಗಿದ್ದರೂ ಪರವಾಗಿಲ್ಲ, ನಿಂಬೆಹಣ್ಣು ನಮ್ಮದು.

ಇಂತಿ ತಮ್ಮ ವಿಶ್ವಾಸಿ,
ಮಾಲೀಕ ಮತ್ತು ಶೆಡ್ಡಿನ ಎಲ್ಲರ ಪರವಾಗಿ
ಪೀಣ್ಯ ಎರಡನೇ ಹಂತ, ಬೆಂಗಳೂರು