ಅಮ್ಮನಿಗೆ, ಅಮೆರಿಕದ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಿಂದ

ಅಮ್ಮ, ನಿನಗೂ ಅಪ್ಪನಿಗೂ ನಮಸ್ಕಾರ. ನಾನು ಇಲ್ಲಿ ಆರಾಮಾಗಿದ್ದೇನೆ.

ಶನಿವಾರ ಈ ಊರಿನ ಯುದ್ಧಕಾಲದ ಮ್ಯೂಸಿಯಂಗೆ ಹೋಗಿದ್ದೆ. ಎರಡನೇ ಮಹಾಯುದ್ಧದಲ್ಲಿ ಮನೆಯಲ್ಲೇ ಉಳಿದವರ ಕಥೆ ಅದು. ಅರ್ಧ ಕಥೆ ಅಡುಗೆಮನೆಯದೇ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಆಗಿನ ರೇಷನ್ ಪುಸ್ತಕ ನೋಡಿದೆ. ಹಸುಗೂಸಿಗೂ ಒಂದು ಪುಸ್ತಕ ಕೊಡುತ್ತಿದ್ದರಂತೆ! ಒಳಗೆ ಸ್ಟ್ಯಾಂಪಿನಂಥ ಪುಟ್ಟ ಚೀಟಿಗಳು, ಅವುಗಳ ಮೇಲೆ ಟ್ಯಾಂಕು, ವಿಮಾನ, ಹಡಗಿನ ಚಿತ್ರ. 1942ರ ಮೇ ತಿಂಗಳಲ್ಲಿ ಸಕ್ಕರೆಗೆ ಮಿತಿ ಬಂತು, ಒಬ್ಬರಿಗೆ ವಾರಕ್ಕೆ ಅರ್ಧ ಪೌಂಡ್, ಅಂದರೆ ಕಾಲು ಕೆಜಿಗೂ ಕಡಿಮೆ. ಆಮೇಲೆ ಕಾಫಿ, ಮಾಂಸ, ಬೆಣ್ಣೆ. ದುಡ್ಡಿದ್ದರೆ ಸಾಲದು, ಚೀಟಿಯೂ ಬೇಕು. ಮಾಂಸ ಬೇಯಿಸಿ ಉಳಿದ ಕೊಬ್ಬನ್ನು ಡಬ್ಬಿಗೆ ಸೋಸಿಟ್ಟು ಮಾಂಸದಂಗಡಿಗೆ ಕೊಡಿ ಅಂತ ಸರ್ಕಾರ ಹೆಂಗಸರನ್ನು ಕೇಳುತ್ತಿತ್ತು. ಅದರಿಂದ ಗ್ಲಿಸರಿನ್ ತೆಗೆದು ಸಿಡಿಮದ್ದು ಮಾಡುತ್ತಿದ್ದರು. ಪೆಟ್ರೋಲ್‌ಗೂ ರೇಷನ್ ಇತ್ತು, ಮುಖ್ಯವಾಗಿ ಟೈರ್ ಉಳಿಸೋದಕ್ಕೆ. ರಬ್ಬರ್ ಬೆಳೆಯುವ ಮಲಯಾ (ಈಗಿನ ಮಲೇಷ್ಯಾದ ಭಾಗ) ಜಪಾನಿನ ಕೈ ಸೇರಿದ ಮೇಲೆ ರಬ್ಬರ್ ಸಿಗುತ್ತಿರಲಿಲ್ಲ, ಹಾಗಾಗಿ ದೇಶವಿಡೀ ಗಂಟೆಗೆ 35 ಮೈಲಿಗಿಂತ ಜೋರಾಗಿ ಓಡಿಸುವ ಹಾಗಿರಲಿಲ್ಲ.

ಇಲ್ಲಿನ ಕೈಸರ್ ಕಂಪನಿಯ ಹಡಗು ಕಟ್ಟುವ ಯಾರ್ಡ್‌ಗಳಲ್ಲಿ ಯುದ್ಧ ಮುಗಿಯುವಷ್ಟರಲ್ಲಿ 747 ಹಡಗು ಕಟ್ಟಿದರು. ಒಂದನ್ನಂತೂ ಐದು ದಿನದೊಳಗೇ ನೀರಿಗಿಳಿಸಿದರು. ವೆಲ್ಡಿಂಗ್ ಕಲಿತ ಹೆಂಗಸರು ರಾತ್ರಿಪಾಳಿಯಲ್ಲೂ ದುಡಿದರು, ಅವರ ಮಕ್ಕಳನ್ನು ನೋಡಿಕೊಳ್ಳೋಕೆ ಸರ್ಕಾರದ ದುಡ್ಡಲ್ಲಿ ಶಿಶುವಿಹಾರ ತೆರೆದರು. ಬೇಕು ಅನ್ನಿಸಿದರೆ ಸರ್ಕಾರಕ್ಕೆ ಎಷ್ಟು ಬೇಗ ಆಗುತ್ತೆ, ಅಲ್ವಾ? ಯುದ್ಧ ಮುಗಿದಿದ್ದೇ ಕೇಂದ್ರ ಸರ್ಕಾರ ಆ ದುಡ್ಡು ನಿಲ್ಲಿಸಿತು. ಮಗು ಇಟ್ಟುಕೊಂಡು ಕೆಲಸಕ್ಕೆ ಹೋಗುವ ನನಗೆ ಇದನ್ನು ಓದಿ ಸಿಟ್ಟೇ ಬಂತು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ನೋಯಿಸಿತು. ಇದೇ ಊರಲ್ಲಿ ಹೂ ಬೆಳೆಯುತ್ತಿದ್ದ ಜಪಾನಿ ಮೂಲದ ಕುಟುಂಬಗಳಿದ್ದವು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರಿಂದ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ, ತೋಟ, ಅಂಗಡಿ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಹೆಚ್ಚಿನವರು ಇಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ಸರ್ಕಾರ ತಪ್ಪೊಪ್ಪಿಕೊಂಡು ಬದುಕುಳಿದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಮಾಡಿದ್ದು 1988ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ಬೇರೆ ದೇಶದಿಂದ ಬಂದು ಮನೆ ಮಾಡಿಕೊಂಡ ನಮ್ಮಂಥವರು ಇದನ್ನು ಸುಮ್ನೆ ಓದಿ ಬಿಡೋಕಾಗಲ್ಲ ಅಮ್ಮ.

ಅಜ್ಜಿ ಆಗ ಚಿಕ್ಕ ಹುಡುಗಿ. ಸಕ್ಕರೆ, ಸೀಮೆಎಣ್ಣೆ ಹೇಗೆ ಸಿಗುತ್ತಿತ್ತು ಅಂತ ಕೇಳಿ ಬರೆ.

ನಿನ್ನ ಮಗಳು